ಜೈನುದ್ದೀನನನ್ನು ನೋಡಿ ಬರೆದ ನಾಟಿ ಹುಂಜ

ಹಕ್ಕಿಯ ಚಿತ್ರ ಅಂದ ತಕ್ಷಣ ಎಲ್ಲರ ಕೈ ಬಣ್ಣದ ಡಬ್ಬಿಗೆ ಹೋಗುತ್ತದೆ. ಶೇಖ್ ಜೈನುದ್ದೀನನ ಚಿತ್ರಗಳನ್ನು ಮುಂದಿಟ್ಟುಕೊಂಡು ಕಲಿಯಲು ಶುರು ಮಾಡಿದ ಮೇಲೆ ನನಗೆ ಬಣ್ಣ ಕೊನೆಯ ಕೆಲಸವಾಗಿಬಿಟ್ಟಿದೆ.

ಈತ ಪಟ್ನಾದವನು. 1777ರ ಹೊತ್ತಿಗೆ ಕಲ್ಕತ್ತದಲ್ಲಿ ಮೇರಿ ಇಂಪೀ ಸಾಕಿದ್ದ ಹಕ್ಕಿ, ಪ್ರಾಣಿಗಳನ್ನು ಬರೆಯತೊಡಗಿದ. ಆಕೆಯ ಗಂಡ ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ. ಭವಾನಿ ದಾಸ್, ರಾಮ್ ದಾಸ್ ಎಂಬ ಇನ್ನಿಬ್ಬರೂ ಸೇರಿ 300ಕ್ಕೂ ಜಾಸ್ತಿ ಚಿತ್ರಗಳಾದವು. ಮೊಘಲ್ ಚಿತ್ರಗಳಲ್ಲಿ ಪಳಗಿದ ಕೈ, ಇಂಗ್ಲೆಂಡಿನ ವಾಟ್ಮನ್ ಕಾಗದ. ಹೆಚ್ಚಿನವುಗಳಲ್ಲಿ ಒಂದು ಕೊಂಬೆ, ಒಂದು ಹಕ್ಕಿ, ಹಿಂದೆ ಬರೀ ಬಿಳಿ.

ಅವರಿಗೆ ಜೀವಂತ ಹಕ್ಕಿ ಎದುರಿಗೇ ಇತ್ತು. ನಾವು ಕಾಡುಹಕ್ಕಿ ಹಿಡಿದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹಾಗಾಗಿ ನನಗೆ ಗತಿ ಮನೆಯ ನಾಟಿ ಹುಂಜ. ಹಗಲು ಅದು ನಿಂತಲ್ಲಿ ನಿಲ್ಲುವುದಿಲ್ಲ. ಕತ್ತಲಾಗಿ ಗೂಡು ಸೇರಿದ ಮೇಲೆ ಮಂದ ಬೆಳಕಲ್ಲಿ ಮೆಲ್ಲಗೆ ಎತ್ತಿಕೊಂಡರೆ ಸುಮ್ನೆ ಕೂರುತ್ತದೆ, ರೆಕ್ಕೆ ಬಿಡಿಸಿದರೂ ಗಲಾಟೆ ಮಾಡುವುದಿಲ್ಲ. ರೆಕ್ಕೆಯ ತುದಿಯ ಕಡೆ 10 ಉದ್ದ ಗರಿ. ಅದರ ಒಳಗಡೆ, ಮೈಯ ಕಡೆಗೆ, ಗಿಡ್ಡ ಗರಿಗಳ ಸಾಲು. ಇವೆರಡರ ಬುಡವನ್ನೂ ಸಣ್ಣ ಗರಿಗಳು ಹೆಂಚಿನ ಹಾಗೆ ಮುಚ್ಚಿರುತ್ತವೆ. ಯಾವುದು ಯಾವುದರ ಮೇಲೆ ಅಂತ ಪೆನ್ಸಿಲಿನಲ್ಲೇ ತೀರ್ಮಾನವಾಗಬೇಕು. ಆ ಲೆಕ್ಕ ತಪ್ಪಿದ ರೆಕ್ಕೆಗೆ ಎಷ್ಟು ಚಂದದ ಬಣ್ಣ ಹಚ್ಚಿದರೂ ಅದು ಬೀಸಣಿಗೆಯೇ ಹೊರತು ರೆಕ್ಕೆಯಲ್ಲ. ಅಂಗಳದಲ್ಲಿ ಉದುರಿದ ಗರಿಗಳನ್ನು ನಾನು ಎತ್ತಿಡುತ್ತೇನೆ. ಹತ್ತಿರದಿಂದ ನೋಡಲು ಫೋಟೋಗಿಂತ ಅವೇ ವಾಸಿ.

ಕಾಗದ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಟ್ ಪ್ರೆಸ್, ಅಂದರೆ ಬಿಸಿಯಾಗಿ ಒತ್ತಿ ನುಣುಪು ಮಾಡಿದ್ದು. ನುಣುಪಿಲ್ಲದ ಕಾಗದದಲ್ಲಿ ಕೂದಲೆಳೆಯ ಗೀರು ತುಂಡಾಗುತ್ತದೆ. ಮೊದಲು ನೀರು ನೀರಾದ ಬಣ್ಣ, ಒಣಗಲು ಬಿಡುವುದು, ಮತ್ತೆ ಒಂದು ಪದರ. ಆಮೇಲೆ ಸೊನ್ನೆ ನಂಬರಿನ ಸಣ್ಣ ಕುಂಚದಲ್ಲಿ ಗರಿಯ ಎಳೆ ಹೋದ ದಿಕ್ಕಿಗೇ ಗೀರು. ಕುಂಚ ಹೆಚ್ಚುಕಮ್ಮಿ ಒಣಗಿರಬೇಕು. ಇಲ್ಲದಿದ್ದರೆ ಕೆಳಗಿನ ಪದರ ಕರಗಿ ಎದ್ದು ಬರುತ್ತದೆ.

ಬಾಲವೇ ಕಷ್ಟ. ಕಪ್ಪಾಗಿ ಕಾಣುತ್ತದೆ, ಆದರೆ ಕಪ್ಪು ಹಚ್ಚಿದರೆ ಸತ್ತುಹೋಗುತ್ತದೆ. ನಾನು ಕಡುಕಂದು, ಇಂಡಿಗೊ ಸೇರಿಸಿ ಹಚ್ಚಿ, ಒಣಗಿದ ಮೇಲೆ ತೆಳು ಹಸಿರು ಎಳೆಯುತ್ತೇನೆ. ಹೊಳಪಿನ ಜಾಗವನ್ನು ಮೊದಲೇ ಖಾಲಿ ಬಿಟ್ಟಿರುತ್ತೇನೆ. ಬಿಳಿ ಬಣ್ಣ ಮೇಲೆ ಹಚ್ಚುವುದು ಜಲವರ್ಣಕ್ಕೆ ಮೋಸ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊಘಲ್ ಕೈಗೆ ಕೆಳಗಿನದನ್ನು ಮುಚ್ಚುವ ಗಟ್ಟಿ ಬಣ್ಣ ಹೊಸದೇನಲ್ಲವಲ್ಲ! ಕುತ್ತಿಗೆಯ ಹೊಂಬಣ್ಣದ ಗರಿಗಳ ತುದಿಗೆ ನಾನೂ ಸ್ವಲ್ಪ ಬಿಳಿ ಮುಟ್ಟಿಸುತ್ತೇನೆ.

ಹಿನ್ನೆಲೆ ಇಲ್ಲದಿದ್ದರೆ ಕೆಲಸ ಕಮ್ಮಿ ಅಂದುಕೊಳ್ಳಬೇಡಿ. ಬಿಳಿಯ ಮೇಲೆ ಅಂಚಿನ ಒಂದೊಂದು ಗರಿಯೂ ಎದ್ದು ಕಾಣುತ್ತದೆ, ಮರೆಮಾಚಲು ಎಲೆಯೂ ಇಲ್ಲ, ನೆರಳೂ ಇಲ್ಲ. ಹುಂಜವನ್ನು ಕೊಂಬೆಯ ಮೇಲೆ ಕೂರಿಸಲು ನನಗೆ ಮನಸ್ಸಿಲ್ಲ. ಕಾಲ ಕೆಳಗೆ ಒಂದು ಹಿಡಿ ಮಣ್ಣು ಬರೆದು ಬಿಡುತ್ತೇನೆ.