ದೊಡ್ಡ ಕಾಮಗಾರಿಗೆ ಪ್ರಶಸ್ತಿ: ಆಯ್ಕೆ ಮಾಡುವುದು ಹೇಗೆ?

ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ಮಂಗಳೂರು, ಸುರತ್ಕಲ್, ಮಣಿಪಾಲ, ಉಡುಪಿಯ ಸಂಘಗಳಲ್ಲಿ, ಕಾಲೇಜುಗಳಲ್ಲಿ ಇಂಜಿನಿಯರ್ಸ್ ಡೇ ತಯಾರಿ ಶುರುವಾಗುತ್ತದೆ. ಶಾಲು, ಹಾರ, ಫಲಕ ಎಲ್ಲ ಮೊದಲೇ ಸಿದ್ಧ. ಯಾವ ಕಾಮಗಾರಿಗೆ ಕೊಡಬೇಕು ಎನ್ನುವುದು ಮಾತ್ರ ಕೊನೆಯ ವಾರಕ್ಕೆ ಉಳಿಯುತ್ತದೆ. ಆಗ ಗೆಲ್ಲುವುದು ಅತಿ ದೊಡ್ಡದು, ಇಲ್ಲವೇ ಅತಿ ಹೊಸದು. ಒಂದು ಸೇತುವೆಗೆ, ಬಂದರಿಗೆ, ಸೋಲಾರ್ ಪಾರ್ಕಿಗೆ ಎಷ್ಟೋ ಜನ ವರ್ಷಗಟ್ಟಲೆ ದುಡಿದಿರುತ್ತಾರೆ. ಅವರನ್ನು ಗೌರವಿಸುವುದಾದರೆ ಕೆಲಸವನ್ನು ಸರಿಯಾಗಿ ನೋಡಿಯೇ ಗೌರವಿಸಬೇಕು, ಅಲ್ವಾ? ನಿಮ್ಮ ಸಂಘಕ್ಕೂ ಇಂಥ ಪ್ರಶಸ್ತಿ ಕೊಡುವ ಯೋಚನೆ ಇದ್ದರೆ ಹೀಗೆ ಮಾಡಿ.

ಮೂರು ಮಳೆಗಾಲ ಕಾಯಿರಿ

ಉದ್ಘಾಟನೆಯಾದ ವರ್ಷವೇ ಪ್ರಶಸ್ತಿ ಕೊಡಬೇಡಿ. ಕನಿಷ್ಠ ಮೂರು ಮಳೆಗಾಲ ಕಂಡ ಕಾಮಗಾರಿಯನ್ನು ಮಾತ್ರ ಪಟ್ಟಿಗೆ ಸೇರಿಸಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ.

ಕೊಂಕಣ ರೈಲ್ವೆಯನ್ನೇ ನೋಡಿ. ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ ಕಟ್ಟಿದ ಈ ಹಾದಿಯಲ್ಲಿ ಮಂಗಳೂರು–ಉಡುಪಿ ಭಾಗ 1993ರಲ್ಲೇ ತೆರೆಯಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಪೂರ್ತಿಯಾದದ್ದು 1998ರಲ್ಲಿ. ದೇಶವೇ ಕೊಂಡಾಡಿದ ಕೆಲಸ ಅದು, ಆ ಹೊಗಳಿಕೆಗೆ ಯೋಗ್ಯವೂ ಹೌದು. ಆದರೆ 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ, ಮರುವರ್ಷದ ಜೂನ್‌ನಲ್ಲಿ ಅಲ್ಲಿಯದೇ ಮಹಾಡ್ ಬಳಿ, ಮಳೆಗೆ ಹಳಿಯ ಮೇಲೆ ಉರುಳಿದ ಬಂಡೆಗಳಿಂದ ರೈಲು ಹಳಿ ತಪ್ಪಿ ಹಲವರು ಜೀವ ಕಳೆದುಕೊಂಡರು. ಎರಡನೆಯದು ನಮ್ಮ ಮಂಗಳೂರು–ಮುಂಬೈ ಮತ್ಸ್ಯಗಂಧ ರೈಲು. ಆಮೇಲೆ ಗುಡ್ಡದ ಇಳಿಜಾರು ಕಡಿಮೆ ಮಾಡುವುದು, ಬಂಡೆ ತಡೆಯಲು ಬಲೆ ಹಾಕುವುದು, ಮಳೆಗಾಲದಲ್ಲಿ ವೇಗ ತಗ್ಗಿಸಿ ಹಳಿ ಕಾಯುವುದು ಎಲ್ಲ ಬಲವಾಯಿತು. ನನ್ನನ್ನು ಕೇಳಿದರೆ ಕೊಂಕಣ ರೈಲ್ವೆಯ ಈ ಎರಡನೇ ಕೆಲಸಕ್ಕೂ ಮೊದಲನೆಯದರಷ್ಟೇ ದೊಡ್ಡ ಪ್ರಶಸ್ತಿ ಸಲ್ಲಬೇಕು.

ಕಾಗದ ಪತ್ರ ತರಿಸಿಕೊಳ್ಳಿ

ಮೂಲ ಅಂದಾಜು ವೆಚ್ಚ ಎಷ್ಟು, ಕೊನೆಗೆ ಆದದ್ದೆಷ್ಟು? ಮೊದಲು ಹೇಳಿದ ಗಡುವು ಯಾವುದು, ಮುಗಿದದ್ದು ಯಾವಾಗ? ಕೆಲಸದ ವೇಳೆ ಎಷ್ಟು ಮಂದಿ ಗಾಯಗೊಂಡರು, ಎಷ್ಟು ಮಂದಿ ಸತ್ತರು? ಈ ಕೊನೆಯ ಪ್ರಶ್ನೆಗೆ ಉತ್ತರ ಕೊಡದ ಕಂಪನಿಯನ್ನು ಅಲ್ಲೇ ಕೈಬಿಡಿ. ಈ ಪ್ರಶ್ನೆಗೆ ಅಂಕ ಬೇಡ. ಇದು ಬಾಗಿಲು, ದಾಟಿದವರಿಗಷ್ಟೇ ಮುಂದಿನ ಹಂತ.

ಮೆಗಾವ್ಯಾಟ್ ಬಿಡಿ, ಯೂನಿಟ್ ಕೇಳಿ

ವಿದ್ಯುತ್ ಯೋಜನೆಗಳಲ್ಲಿ ಜನ ಎಡವುವುದು ಇಲ್ಲೇ. ಬೋರ್ಡಿನ ಮೇಲಿನ ಮೆಗಾವ್ಯಾಟ್ ಅಂದರೆ ಘಟಕದ ಸಾಮರ್ಥ್ಯ ಅಷ್ಟೇ. ಒಂದು ಮೆಗಾವ್ಯಾಟ್ ಘಟಕ ವರ್ಷವಿಡೀ ಹಗಲು ರಾತ್ರಿ ಓಡಿದರೆ 87.6 ಲಕ್ಷ ಯೂನಿಟ್ ಸಿಗಬೇಕು. ಸೋಲಾರ್‌ಗೆ ರಾತ್ರಿಯೂ ಇದೆ, ಮೋಡವೂ ಇದೆ. ಹಾಗಾಗಿ ಒಳ್ಳೆಯ ಬಿಸಿಲಿನ ಜಾಗದಲ್ಲೂ ಅದರ ಐದನೇ ಒಂದು ಭಾಗದ ಆಸುಪಾಸು ಬಂದರೆ ಒಳ್ಳೆಯ ಘಟಕ ಎನ್ನಬಹುದು. ಅಂದರೆ ಸುಮಾರು 16–17 ಲಕ್ಷ ಯೂನಿಟ್. ಕರಾವಳಿಯಲ್ಲಿ ಜೂನ್, ಜುಲೈ, ಆಗಸ್ಟ್‌ನ ಲೆಕ್ಕ ತುಂಬ ಕೆಳಗಿರುತ್ತದೆ. ಆದ್ದರಿಂದ ವರ್ಷದ ಒಟ್ಟು ಸಂಖ್ಯೆ ಸಾಲದು, ತಿಂಗಳುವಾರು ಯೂನಿಟ್ ಕೇಳಿ. ವರ್ಷದಿಂದ ವರ್ಷಕ್ಕೆ ಅದೇ ತಿಂಗಳ ಯೂನಿಟ್ ಜಾಸ್ತಿ ಇಳಿಯುತ್ತಿದ್ದರೆ ಪ್ಯಾನೆಲ್ ತೊಳೆಯುವುದು, ಇನ್ವರ್ಟರ್ ನೋಡಿಕೊಳ್ಳುವುದು ಸರಿಯಾಗಿಲ್ಲ ಎಂಬ ಸಂಶಯ ಬರಬೇಕು.

ಇದೇ ಅಳತೆಗೋಲಿನಿಂದ ಜಲವಿದ್ಯುತ್ ಅಳೆಯಬೇಡಿ. ಉಡುಪಿ ಜಿಲ್ಲೆಯ ಹೊಸಂಗಡಿಯ ವಾರಾಹಿ ಭೂಗರ್ಭ ವಿದ್ಯುದಾಗಾರದಲ್ಲಿ 115 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಒಟ್ಟು 460. ಇಂಥ ಘಟಕದ ಬೆಲೆ ಇರುವುದು ಸಂಜೆ ಎಲ್ಲ ಮನೆಗಳ ದೀಪ, ಫ್ಯಾನ್ ಒಟ್ಟಿಗೆ ಹೊತ್ತಿಕೊಂಡಾಗ ಕೆಲವೇ ನಿಮಿಷಗಳಲ್ಲಿ ಕರೆಂಟು ಕೊಡುವುದರಲ್ಲಿ. ಸೋಲಾರ್‌ಗೆ ಬೇರೆ ವಿಭಾಗ, ಜಲವಿದ್ಯುತ್ತಿಗೆ ಬೇರೆ, ರಸ್ತೆ–ಸೇತುವೆಗೆ ಬೇರೆ ಮಾಡಿಕೊಳ್ಳಿ.

ಆಟಿಯಲ್ಲಿ ಸೈಟಿಗೆ ಹೋಗಿ

ತೀರ್ಪುಗಾರರು ಜನವರಿಯಲ್ಲಿ ಹೋಗಿ ಫೋಟೊ ತೆಗೆಸಿಕೊಂಡು ಬಂದರೆ ಏನೂ ತಿಳಿಯುವುದಿಲ್ಲ. ಆಟಿ ತಿಂಗಳಲ್ಲಿ, ಅಂದರೆ ತುಳುನಾಡಿನ ಲೆಕ್ಕದ ಜುಲೈ–ಆಗಸ್ಟ್ ನಡುವಿನ ಜಡಿಮಳೆಯಲ್ಲಿ, ಕೊಡೆ ಹಿಡಿದು, ಗಮ್‌ಬೂಟ್ ಹಾಕಿಕೊಂಡು ಹೋಗಬೇಕು.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಅಡಿಯಲ್ಲಿ ಬಹಳ ಕಡೆ ಶೇಡಿ ಮಣ್ಣಿದೆ. ಬಿಳಿ, ಹಳದಿ, ತೆಳು ಗುಲಾಬಿ ಬಣ್ಣದ್ದು. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಕುಸಿಯುತ್ತದೆ. ರಸ್ತೆಗೆಂದು ಗುಡ್ಡ ಕಡಿದ ಕಡೆ ಮೊದಲು ಮೇಲೆ ನೋಡಿ: ಗುಡ್ಡದ ನೀರನ್ನು ಬದಿಗೆ ತಿರುಗಿಸುವ ಚರಂಡಿ ಇದೆಯೇ? ಆಮೇಲೆ ತಡೆಗೋಡೆಯಲ್ಲಿ ನೀರು ಹೊರಹೋಗಲು ಬಿಟ್ಟ ತೂತುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ತಿಳಿನೀರು ಬರುತ್ತಿದ್ದರೆ ಗೋಡೆ ಸರಿಯಾಗಿ ಕೆಲಸ ಮಾಡುತ್ತಿದೆ. ಕೆಸರು ನೀರು ಬಂದರೆ ಹಿಂದಿನ ಮಣ್ಣು ತೊಳೆದು ಹೋಗುತ್ತಿದೆ. ಸುತ್ತಲೂ ನೆಲ ನೆನೆದಿದ್ದು ತೂತು ಮಾತ್ರ ಒಣಗಿದ್ದರೆ ಅದು ಕಟ್ಟಿಕೊಂಡಿದೆ, ನೀರಿನ ಒತ್ತಡವೆಲ್ಲ ಗೋಡೆಯ ಮೇಲೆ.

ಸೇತುವೆಯಾದರೆ ಅಡಿಗೆ ಹೋಗಿ. ಸಮುದ್ರದ ಗಾಳಿಗೆ ಒಡ್ಡಿದ ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳಿನ ಮೇಲೆ ಕನಿಷ್ಠ 45 ಮಿ.ಮೀ. ಕಾಂಕ್ರೀಟ್ ಇರಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಆ ಹೊದಿಕೆ ತೆಳುವಾದ ಕಡೆ ಕೆಲವೇ ವರ್ಷಗಳಲ್ಲಿ ತುಕ್ಕಿನ ಕಂದು ಬಣ್ಣದ ಗೆರೆ ಇಳಿಯುತ್ತದೆ. ಮೇಲೆ ಎಷ್ಟೇ ಚೆಂದದ ಲೈಟಿಂಗ್ ಇರಲಿ, ಆ ಗೆರೆ ಕಂಡರೆ ಅಂಕ ಕಡಿಮೆ ಮಾಡಿ.

ಜಾಗ ಕೊಟ್ಟವರನ್ನು ಮಾತಾಡಿಸಿ

ಕಂಪನಿಯವರನ್ನು ಬಿಟ್ಟು ನೀವೇ ಹೋಗಿ. ಪರಿಹಾರ ಕೈಗೆ ಬಂತೇ, ಬಾವಿಯ ನೀರು ಮೊದಲಿನಂತಿದೆಯೇ, ತೋಡಿಗೆ (ಸಣ್ಣ ಹಳ್ಳಕ್ಕೆ) ಮಣ್ಣು ತುಂಬಿ ಗದ್ದೆ ಮುಳುಗುತ್ತದೆಯೇ? ಸುಮ್ನೆ ಕುಳಿತು ಕೇಳಿಸಿಕೊಳ್ಳಿ. ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟಿಗಿಂತ ನನಗೆ ಮುಖ್ಯವೆನಿಸಿದ್ದು ಅಲ್ಲಿನ ಜಾಗದ ಲೆಕ್ಕ. ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದರು. ಜಮೀನು ರೈತರ ಹೆಸರಲ್ಲೇ ಉಳಿಯಿತು. ಆದರೆ ಜಮೀನಿಲ್ಲದ ಕೂಲಿಯವರಿಗೆ ಬಾಡಿಗೆ ಬರುವುದಿಲ್ಲ, ಹೊಲದ ಕೆಲಸವೂ ಹೋಗುತ್ತದೆ. ಅವರನ್ನೂ ಹುಡುಕಿ ಮಾತಾಡಿಸಿ.

ಅಂಕ, ಆಮೇಲೆ ಬರವಣಿಗೆ

ನೂರರಲ್ಲಿ 40 ಬಾಳಿಕೆಗೆ, 30 ಜನ ಮತ್ತು ಪರಿಸರಕ್ಕೆ, 20 ಹೊಸ ಉಪಾಯಕ್ಕೆ, 10 ವೆಚ್ಚ–ಗಡುವಿಗೆ ಇಡಿ. ಗುತ್ತಿಗೆದಾರರಿಂದ ಕಾರ್ಯಕ್ರಮಕ್ಕೆ ಹಣ ಪಡೆಯಬೇಡಿ. ಅವರ ಜೊತೆ ವ್ಯವಹಾರ ಇರುವವರು ತೀರ್ಪುಗಾರರಾಗುವುದೂ ಬೇಡ.

ಫಲಕದಲ್ಲಿ "ಅತ್ಯುತ್ತಮ ಸಾಧನೆಗಾಗಿ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದ್ದ ಕಷ್ಟ, ಕಂಡುಕೊಂಡ ದಾರಿ ಎರಡೂ ಬರಲಿ. ಉದಾಹರಣೆಗೆ ಉಡುಪಿ ಜಿಲ್ಲೆಯ ಪಾದೂರಿನ ಭೂಗರ್ಭ ತೈಲ ಸಂಗ್ರಹಾಗಾರಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: "ಬಂಡೆ ಕೊರೆದು, ಸುತ್ತಲಿನ ನೀರಿನ ಒತ್ತಡದಿಂದಲೇ ಸೋರಿಕೆ ತಡೆದು, 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಜಾಗ ಮಾಡಿದ್ದಕ್ಕೆ."

ವೇದಿಕೆಗೆ ಎಂಡಿ ಒಬ್ಬರೇ ಬರುವುದು ಬೇಡ. ಸರ್ವೆ ಮಾಡಿದವರು, ಫೋರ್‌ಮನ್, ಡ್ರಿಲ್ಲಿಂಗ್ ತಂಡದವರು, ಸರಳು ಕಟ್ಟಿದವರ ಹೆಸರನ್ನೂ ಪಟ್ಟಿಯಲ್ಲಿರುವ ಕಂಪನಿಗಳಿಂದ ಜೂನ್‌ನಲ್ಲೇ ಕೇಳಿ. ಅಷ್ಟರಲ್ಲಿ ಅವರು ಒಡಿಶಾಕ್ಕೋ ಜಾರ್ಖಂಡಿಗೋ ಬೇರೆ ಸೈಟಿಗೆ ಹೋಗಿರುತ್ತಾರೆ. ಹುಡುಕಲು ಎರಡು ತಿಂಗಳಾದರೂ ಬೇಕು. ಬಂದು ಹೋಗುವ ರೈಲಿನ ಖರ್ಚು, ತಪ್ಪಿದ ದಿನಗಳ ಕೂಲಿ ಎರಡನ್ನೂ ಸಂಘವೇ ಕೊಡಲಿ.