ಸ್ಕ್ರೂ ಬಿಚ್ಚಿದರೂ ಇಳಿಯದ ಐಡ್ಲಿಂಗ್

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಏರು ಇಳಿತ ಬೇಕಾದಷ್ಟು. ಇಳಿಜಾರಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ನಮ್ಮ ಹಳೇ ಮಾರುತಿ 800 ನಿಧಾನ ಆಗುತ್ತಿರಲಿಲ್ಲ, ಹಿಂದಿನಿಂದ ಯಾರೋ ದೂಡಿದ ಹಾಗೆ. ಮನೆ ಅಂಗಳಕ್ಕೆ ಬಂದು ನ್ಯೂಟ್ರಲ್ ಮಾಡಿದರೆ ಅಡಕೆ ಸುಲಿಯುವ ಮಿಷನಿನ ಹಾಗೆ ಅರಚುತ್ತಿತ್ತು.

1996ರ ಗಾಡಿ. ಮೂರು ಸಿಲಿಂಡರ್, 796 ಸಿಸಿ, ಪೆಟ್ರೋಲಿಗೆ ಗಾಳಿ ಬೆರೆಸಲು ಕಾರ್ಬ್ಯುರೇಟರ್. ಆರ್‌ಪಿಎಂ ಮೀಟರ್ ಇಲ್ಲ, ನಮ್ಮ ಕಿವಿಯೇ ಮೀಟರ್. ಐಡ್ಲಿಂಗ್ ಅಂದರೆ ಆಕ್ಸಿಲರೇಟರ್ ಒತ್ತದೆ ಇದ್ದಾಗ ಇಂಜಿನ್ ತಿರುಗುವ ವೇಗ. ಇಂಜಿನ್ ಬಿಸಿಯಾದ ಮೇಲೆ ಅದು ನಿಮಿಷಕ್ಕೆ ಸುಮಾರು 900 ಸುತ್ತಿಗೆ ಇಳಿಯಬೇಕು. ಇದು ಅದರ ದುಪ್ಪಟ್ಟಿನಲ್ಲಿ ಓಡುತ್ತಿದ್ದ ಹಾಗೆ ಕೇಳುತ್ತಿತ್ತು.

"ಐಡ್ಲಿಂಗ್ ಸ್ಕ್ರೂ ಸ್ವಲ್ಪ ಲೂಸ್ ಮಾಡಿ ಬಾವ, ಮುಗೀತು" ಅಂದರು ತಂಗಿಯ ಗಂಡ. ಪೇಟೆಯ ಮೆಕ್ಯಾನಿಕ್ ಅದನ್ನೇ ಎರಡು ಸಲ ಮಾಡಿ ಕಳಿಸಿದ್ದರು. ನಾನೂ ಮಾಡಿದೆ. ಆಮೇಲೆ ಬಗ್ಗಿ ಟಾರ್ಚ್ ಹಾಕಿ ನೋಡಿದರೆ, ಸ್ಕ್ರೂವಿನ ತುದಿ ಥ್ರಾಟಲ್ ಲಿವರಿಗೆ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲನ್ನು ತೆರೆಯುವ ಸಣ್ಣ ತೋಳು) ತಾಗುತ್ತಲೇ ಇಲ್ಲ! ನಡುವೆ ಪೋಸ್ಟ್‌ಕಾರ್ಡ್ ತೂರಿಸುವಷ್ಟು ಸಂದು. ತಾಗದ ಸ್ಕ್ರೂವನ್ನು ಎಷ್ಟು ತಿರುಗಿಸಿದರೇನು? ಒಂದೋ ಲಿವರನ್ನು ಬೇರೆ ಏನೋ ಎಳೆದು ಹಿಡಿದಿರಬೇಕು, ಇಲ್ಲಾ ಇಂಜಿನ್ ಬೇರೆ ಕಡೆಯಿಂದ ಗಾಳಿ ಕದಿಯುತ್ತಿರಬೇಕು.

ಆಕ್ಸಿಲರೇಟರ್ ಕೇಬಲ್ ಸಡಿಲವಾಗಿಯೇ ಇತ್ತು. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಎಳೆಯುವ ಚೋಕ್ ಪೂರ್ತಿ ಒಳಗೆ ಹೋಗಿತ್ತು. ಲಿವರನ್ನು ಬೆರಳಲ್ಲಿ ಒತ್ತಿ ಹಿಡಿದೆ, ಸದ್ದು ಬದಲಾಗಲಿಲ್ಲ. ಹಾಗಾದರೆ ಗಾಳಿಯೇ.

ರಬ್ಬರ್ ಹೋಸುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಮೆಲ್ಲಗೆ ಹಿಸುಕಿದೆ. ಏನೂ ಇಲ್ಲ. ಕೊನೆಗೆ ಇಸ್ತ್ರಿ ಹಾಕುವಾಗ ನೀರು ಬಿಡುವ ಸ್ಪ್ರೇ ಬಾಟಲಿಗೆ ಸೋಪಿನ ನೀರು ತುಂಬಿಸಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಮುಚ್ಚಿ, ಕಾರ್ಬ್ಯುರೇಟರ್ ಬುಡಕ್ಕೆ ಸ್ವಲ್ಪ ಸ್ವಲ್ಪವೇ ಬಿಟ್ಟೆ. (ಕೆಲವರು ಇದಕ್ಕೆ ಪೆಟ್ರೋಲ್ ಚಿಮುಕಿಸುತ್ತಾರೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್, ಹುಚ್ಚು ಕೆಲಸ.) ಹಿಂದಿನ ಬದಿಗೆ ಬಂದಾಗ ನೊರೆ ಸುರ್ರ್ ಎಂದು ಒಳಗೆ ಹೋಯಿತು. ಒಂದು ಕ್ಷಣ ಇಂಜಿನ್ ಸದ್ದು ತಗ್ಗಿ ಮತ್ತೆ ಏರಿತು. ಕಳ್ಳ ಅಲ್ಲಿದ್ದ.

ಬಿಚ್ಚಿದಾಗ, ಗಾಳಿ ನುಗ್ಗದಂತೆ ಬುಡಕ್ಕೆ ಹಾಕುವ ಗ್ಯಾಸ್ಕೆಟ್ ಒಣ ಹಪ್ಪಳದ ಹಾಗೆ ಕೈಯಲ್ಲೇ ಮುರಿಯಿತು. ಕೆಳಗಿನ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆ) ಬಾಯಿಗೆ ಬಟ್ಟೆ ತುರುಕಿ ಚೂರುಗಳನ್ನು ಕೆರೆದು ತೆಗೆದೆ. ಕಾರ್ಬ್ಯುರೇಟರ್ ತಳಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಸೊಟ್ಟಗಾಗಿದೆಯಾ ನೋಡಿದೆ, ಪುಣ್ಯಕ್ಕೆ ನೇರ ಇತ್ತು. ಕಾಸರಗೋಡಿನಿಂದ ಹೊಸ ಗ್ಯಾಸ್ಕೆಟ್ ತಂದು ಹಾಕಿದೆ. ನಟ್ಟುಗಳನ್ನು ಎದುರು ಬದುರಾಗಿ, ಒಂದೊಂದಕ್ಕೂ ಚೂರು ಚೂರೇ ಬಿಗಿ ಕೊಡಬೇಕು. ಒಂದೇ ಕಡೆ ಜಾಸ್ತಿ ಬಿಗಿದರೆ ತಳ ಬಗ್ಗಿ ಮತ್ತೆ ಗಾಳಿ ಎಳೆಯುತ್ತದೆ.

ಸ್ಟಾರ್ಟ್ ಮಾಡಿದೆ. ಎರಡು ಸಲ ಕೆಮ್ಮಿ ನಿಂತಿತು. ಮತ್ತೊಮ್ಮೆ, ಮತ್ತೆ ನಿಂತಿತು. ಎದೆ ಧಸಕ್ಕೆಂದಿತು. ಆಮೇಲೆ ನೆನಪಾಯಿತು, ಸ್ಕ್ರೂ ಪೂರ್ತಿ ಹೊರಗಿದೆ ಅಲ್ವಾ! ಲಿವರಿಗೆ ತಾಗುವವರೆಗೆ ಒಳಗೆ ತಿರುಗಿಸಿ, ಮತ್ತೊಂದಿಷ್ಟು ಕೊಟ್ಟೆ. ಇಂಜಿನ್ ಬಿಸಿಯಾದ ಮೇಲೆ ಗಾಳಿ, ಪೆಟ್ರೋಲಿನ ಹದ ನೋಡುವ ಮಿಕ್ಸ್ಚರ್ ಸ್ಕ್ರೂ ಸರಿಮಾಡಿ, ಐಡ್ಲಿಂಗನ್ನು ಇನ್ನೊಮ್ಮೆ ಇಳಿಸಿದೆ. ಒಂದೇ ಹದದಲ್ಲಿ ಗುಯ್‌ಗುಡತೊಡಗಿತು.

ಆಗಲೇ ತಂಗಿಯ ಗಂಡ ಬಂದರು. ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನೋಡಿ, "ನಾನು ಅವತ್ತೇ ಹೇಳಿದ್ದೆ ಬಾವ, ಸ್ಕ್ರೂವಿನ ಸಮಸ್ಯೆ ಅಂತ" ಅಂದರು.