ಭೋಸರಿಯ ಅಂಗಳದಲ್ಲಿ ಪಿಕಪ್‌ಗೆ ಬ್ರೇಕ್ ಪ್ಯಾಡ್ ಹಾಕಲು ಕಲಿತದ್ದು

ನಾನು ಓಡಿಸುವುದು ಒಂದೂವರೆ ಟನ್ ಹೊರುವ ಪಿಕಪ್. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಿಂದ ಮಷಿನ್ ಬಿಡಿಭಾಗ ತುಂಬಿಕೊಂಡು ಚಾಕಣಕ್ಕೆ ಹೋಗುತ್ತೇನೆ. ಆಗೀಗ ಸಾತಾರಾ ಕಡೆಗೂ ಬಾಡಿಗೆ ಸಿಗುತ್ತದೆ. ಈ ಗಾಡಿಯ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಈಗ ಮನೆಯ ಅಂಗಳದಲ್ಲೇ ಬದಲಿಸುತ್ತೇನೆ. ಮೊದಲು ನನಗೆ ಬರುತ್ತಿದ್ದದ್ದು ಸ್ಟೆಪ್ನಿ ಹಾಕುವುದಷ್ಟೇ. ಅಷ್ಟು ಬರುವವರಿಗೆ ಈ ಕೆಲಸ ಖಂಡಿತ ಬರುತ್ತದೆ. ಪ್ಯಾಡ್ ತೆಗೆದು ಹಾಕುವುದು ಬೇಗ ಆಗುತ್ತದೆ. ಹಳೇ ಪ್ಯಾಡ್ ಹೇಗೆ ಸವೆದಿದೆ, ಯಾಕೆ ಹಾಗೆ ಸವೆದಿದೆ ಅಂತ ತಿಳಿಯುವುದಕ್ಕೇ ತಾಳ್ಮೆ ಬೇಕು.

ನನಗೆ ಕಲಿಸಿದವರು ನಮ್ಮ ಓಣಿಯ ಕಾಕಾ. ಅಕ್ಕಲಕೋಟೆ ಕಡೆಯವರು. ಹರೆಯದಲ್ಲಿ ದೊಡ್ಡ ಲಾರಿ ಓಡಿಸಿದವರು, ಈಗ ಮಗನ ಮನೆಯಲ್ಲಿದ್ದಾರೆ. ಮುಂದಿನ ಎಡಗಡೆ ಚಕ್ರದಿಂದ ಕೀಂಯ್ ಅನ್ನುವ ಸದ್ದು ಬರುತ್ತಿದೆ ಅಂತ ಅವರ ಹತ್ತಿರ ಹೇಳಿದೆ. "ಬ್ರೇಕ್ ತುಳಿದಾಗ ಬರ್ತದೋ, ಸುಮ್ನೆ ಓಡುವಾಗಲೂ ಬರ್ತದೋ?" ಅಂತ ಕೇಳಿದರು. ಆ ಪ್ರಶ್ನೆ ಚೆನ್ನಾಗಿತ್ತು, ಸದ್ದಿನಿಂದಲೇ ಪ್ಯಾಡ್‌ನ ಸ್ಥಿತಿಯ ಅಂದಾಜು ಸಿಗುತ್ತದೆ. ಹಲವು ಪ್ಯಾಡ್‌ಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ತೆಳುವಾದಾಗ ಅದು ಡಿಸ್ಕ್‌ಗೆ, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್‌ಗಳು ಎರಡೂ ಕಡೆಯಿಂದ ಒತ್ತುವ ಕಬ್ಬಿಣದ ತಟ್ಟೆಗೆ, ತಾಗಿ ಸದ್ದು ಮಾಡುತ್ತದೆ. ಇದು ಎಚ್ಚರಿಕೆಯ ಸದ್ದು. ಅದನ್ನು ಬಿಟ್ಟು ಗರಗರ ಅನ್ನುವ ಒರಟು ಸದ್ದು ಬಂದರೆ ಮಸಾಲೆ, ಅಂದರೆ ಪ್ಯಾಡ್‌ನ ಉಜ್ಜುವ ಪದರ, ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ ಅಂತ ಅರ್ಥ. ಆಮೇಲೆ ಡಿಸ್ಕ್ ಕೂಡ ಹೋಗುತ್ತದೆ, ಖರ್ಚು ಜಾಸ್ತಿಯಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇದೆಲ್ಲ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಬ್ರೇಕ್ ಆಯಿಲ್‌ನಿಂದ ನಡೆಯುವ ಸಣ್ಣ ಗಾಡಿಗಳ ವಿಷಯ. ದೊಡ್ಡ ಲಾರಿಗಳಲ್ಲಿ ಗಾಳಿಯ ಬ್ರೇಕ್ ಇರುತ್ತದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪ್ಯಾಡ್ ಬದಲು ಡ್ರಮ್ ಒಳಗೆ ಉಜ್ಜುವ ಲೈನರ್. ಅಲ್ಲಿರುವ ಬ್ರೇಕ್ ಚೇಂಬರ್‌ನ ಸ್ಪ್ರಿಂಗ್ ಎಷ್ಟು ಬಿಗಿಯಾಗಿರುತ್ತದೆ ಅಂದರೆ, ಗೊತ್ತಿಲ್ಲದವರು ಬಿಚ್ಚಿದರೆ ಜೀವಕ್ಕೇ ಅಪಾಯ. ಅದನ್ನು ಮನೆಯಲ್ಲಿ ಮುಟ್ಟಲೇಬಾರದು.

ಸಾಮಾನಿಗೆ ನಾನಾ ಪೇಠಕ್ಕೆ ಹೋದೆ. ಪುಣೆಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂದರೆ ಅದೇ ಪೇಟೆ. ಗಾಡಿಯ ಮಾಡೆಲ್, ವರ್ಷ, ಚಾಸಿ ನಂಬರ್ ಬರೆದುಕೊಂಡು ಹೋದರೆ ಒಳ್ಳೆಯದು, ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಪ್ಯಾಡ್ ಬಂದಿರಬಹುದು. ಪ್ಯಾಡ್ ನಾಲ್ಕರ ಸೆಟ್ ಆಗಿ ಸಿಗುತ್ತದೆ, ಎರಡೂ ಮುಂದಿನ ಚಕ್ರಕ್ಕೆ. ಒಂದೇ ಕಡೆ ಹೊಸದು ಹಾಕಿದರೆ ಬ್ರೇಕ್ ತುಳಿದಾಗ ಗಾಡಿ ಒಂದು ಬದಿಗೆ ಎಳೆಯುತ್ತದೆ. ಜೊತೆಗೆ ಬ್ರೇಕ್ ಕ್ಲೀನರ್ ಡಬ್ಬಿ, ಬ್ರೇಕಿನ ಜಾರುವ ಪಿನ್ನಿಗೆ ಹಚ್ಚುವ ಸಿಲಿಕೋನ್ ಗ್ರೀಸ್, ಸ್ಕ್ರೂ ತಿರುಗಿಸಿ ಒತ್ತುವ ಒಂದು ಸಿ ಕ್ಲ್ಯಾಂಪ್, ಎತ್ತಿದ ಗಾಡಿಯನ್ನು ಹಿಡಿದು ನಿಲ್ಲಿಸುವ ಎರಡು ಗಟ್ಟಿ ಜಾಕ್ ಸ್ಟ್ಯಾಂಡ್ ತಂದೆ. ಮಾಮೂಲಿ ಗ್ರೀಸ್ ಬೇಡ. ಅದು ತಾಗಿದರೆ ರಬ್ಬರ್ ಊದಿಕೊಳ್ಳುತ್ತದೆ, ಪಿನ್ ಇನ್ನಷ್ಟು ಬಿಗಿಯಾಗುತ್ತದೆ.

ಜಾಕ್ ಸ್ಟ್ಯಾಂಡ್‌ಗೆ ದುಡ್ಡು ಯಾಕೆ ಹಾಕಬೇಕು ಅಂತ ಹಲವರು ಕೇಳುತ್ತಾರೆ. ಕಾಕಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ತಮ್ಮಾ, ಜಾಕ್ ಇರೋದು ಎತ್ತೋದಕ್ಕ. ಹಿಡಿಯೋದಕ್ಕ ಅಲ್ಲ" ಅಂದರು. ಹೈಡ್ರಾಲಿಕ್ ಜಾಕ್‌ನ ಸೀಲ್ ಯಾವಾಗ ಕೈ ಕೊಡುತ್ತದೋ ಹೇಳಲು ಆಗುವುದಿಲ್ಲ. ಗಾಡಿ ಖಾಲಿ ಇರಬೇಕು. ನೆಲ ಸಪಾಟಾಗಿರಬೇಕು. ನಮ್ಮ ಅಂಗಳದ ಅರ್ಧ ಮಣ್ಣು, ಅರ್ಧ ಸಿಮೆಂಟ್. ನಾನು ಸಿಮೆಂಟಿನ ಮೇಲೇ ನಿಲ್ಲಿಸುತ್ತೇನೆ. ಮಣ್ಣೇ ಇದ್ದರೆ ಜಾಕ್ ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ದಪ್ಪ ಹಲಗೆ ಇಡಬೇಕು. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು, ಗೇರ್ ಫಸ್ಟ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಎತ್ತಬೇಕು. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಗಾಡಿಯನ್ನು ಕೈಯಿಂದ ತಳ್ಳಿ ನೋಡುತ್ತೇನೆ. ಅಲುಗಾಡಿದರೆ ಇಳಿಸಿ ಮತ್ತೆ ಎತ್ತುತ್ತೇನೆ. ತೆಗೆದ ಚಕ್ರವನ್ನು ಚಾಸಿ ಕೆಳಗೆ ತಳ್ಳಿ ಇಡುತ್ತೇನೆ, ಅದೂ ಒಂದು ಆಸರೆ.

ಸ್ಟೀರಿಂಗ್ ಅನ್ನು ಒಂದು ಬದಿಗೆ ತಿರುಗಿಸಿದರೆ ಕ್ಯಾಲಿಪರ್‌ನ, ಅಂದರೆ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗದ, ಹಿಂದಿನ ಬೋಲ್ಟ್‌ಗಳು ಎದುರಿಗೆ ಬರುತ್ತವೆ. ನಮ್ಮದರಲ್ಲಿ ಕೆಳಗಿನ ಪಿನ್ ಬೋಲ್ಟ್ ಬಿಚ್ಚಿದರೆ ಕ್ಯಾಲಿಪರ್ ಮೇಲಕ್ಕೆ ಮಡಚಿಕೊಳ್ಳುತ್ತದೆ. ಪೂರ್ತಿ ಬಿಚ್ಚಬೇಕಾಗಿ ಬಂದರೆ ಅದನ್ನು ತಂತಿಯಿಂದ ಮೇಲೆ ಕಟ್ಟಬೇಕು. ಬ್ರೇಕ್ ಪೈಪಿನ ಮೇಲೆ ಅದರ ಭಾರ ಬೀಳಲೇಬಾರದು. ಪೈಪ್ ಒಳಗಿನಿಂದ ಹರಿದರೆ ಹೊರಗೆ ಕಾಣುವುದೂ ಇಲ್ಲ. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಕ್ಲಿಪ್ ಯಾವ ಕಡೆ ಇತ್ತು ಅಂತ ಆಮೇಲೆ ತಲೆ ಕೆಡುವುದಿಲ್ಲ. ಇನ್ನೊಂದು ಚಕ್ರವನ್ನು ಆಗಲೇ ಬಿಚ್ಚಬೇಡಿ. ಒಂದು ಮುಗಿಯುವ ತನಕ ಇನ್ನೊಂದು ನೋಡಿಕೊಳ್ಳಲು ಇರಲಿ.

ಇಲ್ಲಿಗೆ ಬಂದಾಗ ಎಲ್ಲರಿಗೂ ಹೊಸ ಪ್ಯಾಡ್ ಕೂರಿಸುವ ಅವಸರ. ಕಾಕಾ ಹಳೇ ಎರಡು ಪ್ಯಾಡ್‌ಗಳನ್ನು ಒಂದು ಪೇಪರ್ ಮೇಲೆ ಅಕ್ಕಪಕ್ಕ ಇಡಿಸಿದರು. ಹೊರಗಿನ ಪ್ಯಾಡ್‌ನಲ್ಲಿ ಮಸಾಲೆ ಇನ್ನೂ ಸಾಕಷ್ಟಿತ್ತು. ಒಳಗಿನದು, ಅಂದರೆ ಆಯಿಲ್ ಒತ್ತಡದಿಂದ ಪ್ಯಾಡ್ ತಳ್ಳುವ ಪಿಸ್ಟನ್ ಕಡೆಯದು, ತೆಳುವಾಗಿ ಹೋಗಿತ್ತು. ಸಾಮಾನ್ಯವಾಗಿ ಮಸಾಲೆ 3 ಮಿಲಿಮೀಟರ್‌ಗೆ ಬಂದರೆ ಬದಲಿಸಬೇಕು. ಹೊರಗಿನದನ್ನಷ್ಟೇ ಚಕ್ರದ ಸಂದಿಯಿಂದ ನೋಡಿದ್ದರೆ ಇನ್ನೂ ಓಡುತ್ತದೆ ಅನ್ನಬಹುದಿತ್ತು.

ಹೀಗೆ ಯಾಕಾಗುತ್ತದೆ ಅಂದರೆ, ಈ ಬಗೆಯ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಬ್ರೇಕ್ ತುಳಿದಾಗ ಅದು ಒಳಗಿನ ಪ್ಯಾಡ್ ಅನ್ನು ಡಿಸ್ಕ್‌ಗೆ ಒತ್ತುತ್ತದೆ. ಆಗ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಹಿಂದಕ್ಕೆ ಜಾರಿ, ಹೊರಗಿನ ಪ್ಯಾಡ್ ಅನ್ನೂ ಎಳೆದು ಒತ್ತುತ್ತದೆ. ಪಿನ್ ತುಕ್ಕು ಹಿಡಿದರೆ ಜಾರುವುದಿಲ್ಲ. ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ಚಾಕಣ ರಸ್ತೆಯ ಮಳೆಗಾಲದ ಕೆಸರು ಗೊತ್ತಲ್ವಾ? ಪಿನ್ನಿನ ರಬ್ಬರ್ ಟೋಪಿ ಒಂದು ಕಡೆ ಸೀಳಿದ್ದರೂ ಸಾಕು, ನೀರು ಒಳಗೆ ಹೋಗಿ ಗ್ರೀಸ್ ತೊಳೆದುಬಿಡುತ್ತದೆ. ನಮ್ಮ ಗಾಡಿಯ ಮೇಲಿನ ಪಿನ್ ಹಾಗೇ ಆಗಿತ್ತು. ಅದನ್ನು ಹಾಗೇ ಬಿಟ್ಟು ಹೊಸ ಪ್ಯಾಡ್ ಹಾಕಿದ್ದರೆ ಸದ್ದು ನಿಲ್ಲುತ್ತಿತ್ತು, ಆದರೆ ಹೊಸದೂ ಅದೇ ರೀತಿ ಸವೆಯುತ್ತಿತ್ತು. ಪಿನ್ ಹೊರಗೆ ಎಳೆದು, ಸಣ್ಣ ಎಮರಿ ಪೇಪರ್‌ನಿಂದ ಉಜ್ಜಿ, ಒಳಗಿನ ತೂತು ಸ್ವಚ್ಛ ಮಾಡಿ, ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ರಬ್ಬರ್ ಹಾಕಿದೆವು. ಬೆರಳಿನಿಂದ ತಳ್ಳಿದರೆ ಸಲೀಸಾಗಿ ಹೋಗಿ ಬರಬೇಕು. ಪಿನ್ನಿನ ಮೈಯಲ್ಲಿ ಗುಳಿ ಬಿದ್ದಿದ್ದರೆ ಹೊಸ ಪಿನ್ನೇ ಹಾಕಬೇಕು.

ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಇದ್ದರೆ ಹೆಚ್ಚಾಗಿ ಎರಡರಲ್ಲಿ ಒಂದು ಪಿನ್ ಹಿಡಿದಿರುತ್ತದೆ. ಮಸಾಲೆಯ ಮೇಲೆ ಹೊಳಪು ಬಂದು ಗಾಜಿನಂತಾಗಿದ್ದರೆ ಅದು ಅತಿಯಾಗಿ ಕಾದಿದೆ. ಎಣ್ಣೆ ಕಲೆ ಇದ್ದರೆ ಪಿಸ್ಟನ್ ಸೀಲ್ ಅಥವಾ ಚಕ್ರದ ನಡುವಿನ ಹಬ್‌ನಿಂದ ಸೋರಿಕೆ ಇದೆಯಾ ಅಂತ ಹುಡುಕಬೇಕು. ಸೋರಿಕೆ ಸಿಕ್ಕರೆ ಮನೆಯ ಕೆಲಸ ಅಲ್ಲಿಗೆ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯುವುದೇ ಸರಿ.

ಕಪ್ಪು ಧೂಳನ್ನು ಬಾಯಿಂದಾಗಲಿ ಗಾಳಿ ಪೈಪಿನಿಂದಾಗಲಿ ಊದಬೇಡಿ. ಹಳೇ ಪ್ಯಾಡ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನಾನು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿಯೇ ಒರೆಸುತ್ತೇನೆ. ಡಿಸ್ಕ್ ಅನ್ನೂ ನೋಡಬೇಕು. ಎಷ್ಟು ತೆಳುವಾಗುವ ತನಕ ಬಳಸಬಹುದು ಅಂತ ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ.

ಹೊಸ ಪ್ಯಾಡ್ ದಪ್ಪ, ಆದ್ದರಿಂದ ಪಿಸ್ಟನ್ ಅನ್ನು ಹಿಂದಕ್ಕೆ ತಳ್ಳಬೇಕು. ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲ್ಯಾಂಪ್ ನಿಧಾನ ತಿರುಗಿಸಬೇಕು. ಎರಡು ಪಿಸ್ಟನ್ ಇದ್ದರೆ ಎರಡೂ ಒಟ್ಟಿಗೆ ಹೋಗಬೇಕು, ಒಂದನ್ನೇ ಒತ್ತಿದರೆ ಇನ್ನೊಂದು ಹೊರಬರುತ್ತದೆ. ಪಿಸ್ಟನ್ ಹಿಂದಕ್ಕೆ ಹೋಗುವಾಗ ಬ್ರೇಕ್ ಆಯಿಲ್ ಮೇಲಿನ ಡಬ್ಬಿಗೆ ವಾಪಸ್ ಏರುತ್ತದೆ. ಮುಚ್ಚಳ ತೆಗೆದು ಮೇಲೊಂದು ಬಟ್ಟೆ ಇಟ್ಟು, ಉಕ್ಕದಂತೆ ನೋಡುತ್ತಿರಬೇಕು. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಆಯಿಲ್‌ಗೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಸಾತಾರಾದಿಂದ ಬರುವಾಗ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಜ್ ತನಕ ಉದ್ದಕ್ಕೂ ಇಳಿಜಾರು. ಅಲ್ಲಿ ಆದ ಅಪಘಾತಗಳನ್ನು ಪುಣೆಯವರು ಮರೆಯುವುದಿಲ್ಲ. ಡೀಸೆಲ್ ಉಳಿಸಲು ಕೆಲವರು ಅಲ್ಲಿ ಗಾಡಿ ನ್ಯೂಟ್ರಲ್‌ಗೆ ಹಾಕುತ್ತಾರೆ. ಇಂಜಿನ್‌ನ ಹಿಡಿತ ಹೋಗುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬಂದು ಕಾಯುತ್ತದೆ. ಎಷ್ಟು ಒಳ್ಳೆಯ ಪ್ಯಾಡ್ ಹಾಕಿದರೂ ಆಗ ಉಳಿಸುವುದಿಲ್ಲ. ದಯವಿಟ್ಟು ಗೇರ್‌ನಲ್ಲೇ ಇಳಿಸಿ.

ಜೋಡಿಸುವುದು ಸುಲಭ. ಬೋಲ್ಟ್‌ಗಳನ್ನು ಗಾಡಿಯ ಪುಸ್ತಕದಲ್ಲಿರುವ ಬಿಗಿಗೆ ತಿರುಗಿಸಿ, ಚಕ್ರದ ನಟ್‌ಗಳನ್ನು ಎದುರುಬದುರು ಬಿಗಿ ಮಾಡಿ. ಗಾಡಿ ಹೊರಡುವ ಮೊದಲು ಪೆಡಲ್ ಅನ್ನು ಗಟ್ಟಿಯಾಗುವ ತನಕ ತುಳಿಯಲೇಬೇಕು. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದೇ ಇಲ್ಲ. ತುಳಿದು ತುಳಿದರೂ ಪೆಡಲ್ ಮೆತ್ತಗಿದ್ದರೆ ಗಾಡಿ ಅಂಗಳ ಬಿಡಬಾರದು.

ಆಮೇಲೆ ಬೆಳಿಗ್ಗೆ ಬೇಗ ಸ್ಪೈನ್ ರೋಡ್‌ಗೆ ಹೋಗಿ, ಹಿಂದೆ ಯಾರೂ ಇಲ್ಲದಾಗ 50ರ ವೇಗದಿಂದ 10ರ ತನಕ ಹದವಾಗಿ ಇಳಿಸುತ್ತಾ ಬಂದೆ. ಪ್ರತಿ ಸಲ ಸ್ವಲ್ಪ ದೂರ ಓಡಿಸಿ ತಣಿಯಲು ಬಿಡಬೇಕು. ಹೀಗೆ ಮಾಡಿದರೆ ಪ್ಯಾಡ್ ಡಿಸ್ಕ್‌ಗೆ ಚೆನ್ನಾಗಿ ಕೂರುತ್ತದೆ. ವಾಪಸ್ ಬಂದು ಎರಡೂ ಚಕ್ರದ ಹತ್ತಿರ ಅಂಗೈ ಒಡ್ಡಿ ಬಿಸಿ ನೋಡಿದೆ, ಮುಟ್ಟಲಿಲ್ಲ. ಎರಡೂ ಕಡೆ ಒಂದೇ ಸಮ ಇತ್ತು. ಒಂದು ಕಡೆ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ ತಿಳಿಯಬೇಕು. ಮೊದಲ ಬಾಡಿಗೆ ಮುಗಿಸಿ ಬಂದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿದೆ. ಹಿಂದಿನ ಡ್ರಮ್‌ಗಳನ್ನು ಸದ್ಯಕ್ಕೆ ಗ್ಯಾರೇಜಿಗೇ ಕೊಡುತ್ತೇನೆ. ಅವುಗಳ ಸ್ಪ್ರಿಂಗ್ ಕೂರಿಸುವ ಕೆಲಸವನ್ನು ಮಳೆಗಾಲಕ್ಕೆ ಮೊದಲು ಕಾಕಾ ಹತ್ತಿರ ಕಲಿಯಬೇಕು.